ಮೊದಲು ಅಂಗಿ ಬಿಚ್ಚಿ

ಹೊಲಕ್ಕೆ ಔಷಧಿ ಹೊಡೆಯುವಾಗ ಮೈಮೇಲೆ ಚೆಲ್ಲಿಕೊಂಡವರನ್ನು ಕ್ಯಾಶುವಾಲ್ಟಿಗೆ ತಂದಾಗ ನಾನು ಹೇಳುವ ಮೊದಲ ಮಾತು, "ಅಂಗಿ ಬಿಚ್ಚಿ." ಜೊತೆಗೆ ಬಂದವರಿಗೆ ರೇಗುತ್ತದೆ. "ಉಸಿರು ಎಳೀತಾ ಅವ್ನೆ ಸಿಸ್ಟರ್, ನಿಮಗೆ ಬಟ್ಟೆ ಚಿಂತೆನಾ?" ಡಾಕ್ಟರು ಉಸಿರಾಟ ನೋಡುತ್ತಿರುವಾಗಲೇ ನಾನು ಗ್ಲೌಸ್ ಹಾಕಿ, ಬಟ್ಟೆ ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟುತ್ತೇನೆ. ಆಮೇಲೆ ಸೋಪು, ನೀರು. ತಲೆಗೂದಲು, ಉಗುರಿನ ಸಂದಿ, ಕಿವಿಯ ಹಿಂದೆ, ಯಾವುದನ್ನೂ ಬಿಡುವಂತಿಲ್ಲ. ಬಟ್ಟೆಗೆ ಇಳಿದ ಔಷಧಿ ಚರ್ಮದ ಮೂಲಕ ಒಳಗೆ ಹೋಗುತ್ತಲೇ ಇರುತ್ತದೆ.

ಈ ಕೆಲಸ ತಪ್ಪಿದರೆ ಏನಾಗುತ್ತದೆಂದು ಟೋಕಿಯೊ ಕಂಡಿತು. 1995ರ ಮಾರ್ಚ್ 20ರ ಬೆಳಿಗ್ಗೆ ಓಮ್ ಶಿನ್ರಿಕ್ಯೊ ಪಂಥದವರು ಸುರಂಗ ರೈಲುಗಳಲ್ಲಿ ಸಾರಿನ್ ಎಂಬ ನರವಿಷ ತುಂಬಿದ ಚೀಲಗಳನ್ನಿಟ್ಟು, ಕೊಡೆಯ ಮೊನೆಯಿಂದ ಚುಚ್ಚಿ ಇಳಿದುಹೋದರು. ಸೇಂಟ್ ಲ್ಯೂಕ್ಸ್ ಆಸ್ಪತ್ರೆಯೊಂದಕ್ಕೇ ಆ ದಿನ 640 ಜನ ಬಂದರು. ಆಸ್ಪತ್ರೆಯ ಪ್ರಾರ್ಥನಾ ಮಂದಿರವೂ ವಾರ್ಡಾಯಿತು. ಯಾವ ವಿಷವೆಂದು ತಿಳಿಯದೆ ಬಟ್ಟೆ ತೆಗೆಸದೇ ಒಳಗೆ ಬಿಟ್ಟುಕೊಂಡಿದ್ದರು. ಬಟ್ಟೆಯಿಂದೆದ್ದ ಆವಿಗೆ ಡಾಕ್ಟರು, ನರ್ಸುಗಳ ಕಣ್ಣೇ ಮಂಜಾಯಿತು. ಹಿಂದಿನ ವರ್ಷ ಮತ್ಸುಮೊಟೊದಲ್ಲಿ ಇದೇ ವಿಷದ ರೋಗಿಗಳನ್ನು ನೋಡಿದ್ದ ವೈದ್ಯರೊಬ್ಬರು ಟಿವಿ ಕಂಡು ಫೋನ್ ಮಾಡಿ ಎಚ್ಚರಿಸಿದರು.

ಸಾರಿನ್‌ಗೂ ನಮ್ಮ ಹೊಲದ ಎಷ್ಟೋ ಔಷಧಿಗಳಿಗೂ ಏನು ಸಂಬಂಧ ಎಂದರೆ, ಎರಡೂ ಒಂದೇ ಕುಲದವು. ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕ ಹುಡುಕುತ್ತಿದ್ದಾಗಲೇ 1936ರಲ್ಲಿ ಟಾಬುನ್, ಎರಡು ವರ್ಷದ ನಂತರ ಸಾರಿನ್ ಸಿಕ್ಕಿತು. ನರ ಕಳಿಸಿದ ಸಂದೇಶವನ್ನು ಅಳಿಸುವ ಕಿಣ್ವವೊಂದು ಮೈಯಲ್ಲಿದೆ. ಈ ವಿಷಗಳು ಅದನ್ನೇ ಕಟ್ಟಿಹಾಕುತ್ತವೆ. ಸಂದೇಶ ನಿಲ್ಲುವುದೇ ಇಲ್ಲ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು ಬೆವರು ಹರಿಯುತ್ತದೆ, ಮಾಂಸ ಅದುರುತ್ತದೆ, ಎದೆಯಲ್ಲಿ ಕಫ ತುಂಬಿ ಉಸಿರು ಕಟ್ಟುತ್ತದೆ.

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿ ಮಾರಮ್ಮನ ಗುಡಿಯಲ್ಲಿ ಪ್ರಸಾದದ ಟೊಮೆಟೊ ಬಾತಿಗೆ ಬೆರೆಸಿದ್ದು ಇದೇ ಕುಲದ ಕೀಟನಾಶಕ, ಮೋನೋಕ್ರೋಟೋಫಾಸ್. 17 ಜನ ತೀರಿಕೊಂಡರು. ಅಂಥ ದಿನ ಬೇಕಾಗುವುದು ಈ ವಿಷಕ್ಕೆ ಪ್ರತಿಮದ್ದಾದ ಅಟ್ರೋಪಿನ್, ವೆಂಟಿಲೇಟರ್, ಕೈಗಳು. ಆಸ್ಪತ್ರೆಯವರು ರಾಸಾಯನಿಕ ದಾಳಿಯ ಅಣಕು ಕಾರ್ಯಾಚರಣೆಗೆ ಮುಖವಾಡ ತೊಟ್ಟು ಫೋಟೊ ತೆಗೆಸಿಕೊಳ್ಳುವುದು ಬೇಡವೆನ್ನುವುದಿಲ್ಲ. ಆದರೆ ಅಂದೇ ಔಷಧದ ಬೀರು ತೆಗೆದು ಅಟ್ರೋಪಿನ್ ಎಷ್ಟಿದೆ, ಎಕ್ಸ್‌ಪೈರಿ ಯಾವಾಗ ಎಂದೂ ನೋಡಲಿ. ಒಂದು ಆಂಪ್ಯೂಲಿನಲ್ಲಿರುವುದು 0.6 ಮಿಲಿಗ್ರಾಂ. ಗುಣ ಕಾಣದಿದ್ದರೆ ಐದೈದು ನಿಮಿಷಕ್ಕೆ ಡೋಸ್ ಇಮ್ಮಡಿ ಮಾಡುತ್ತಾರೆ. ಗಾಜು ಮುರಿದೂ ಮುರಿದೂ ಬೆರಳು ಉರಿಯುತ್ತದೆ. ಕಂಕುಳಿಗೆ ಕೈಯಿಟ್ಟು ಒಣಗಿದೆಯೇ ನೋಡುತ್ತೇನೆ. ಒಣಗಿದ್ದರೆ, ಎದೆಯ ಗೊರಗೊರ ನಿಂತಿದ್ದರೆ, ಸಾಕಷ್ಟು ಹೋಗಿದೆ. ಹೆಚ್ಚಾದರೆ ಉಮ್ಮತ್ತಿಕಾಯಿ ತಿಂದವರಂತೆ ಬಡಬಡಿಸುತ್ತಾ ಹೊದಿಕೆ ಕೀಳತೊಡಗುತ್ತಾರೆ.

ಮನೆಯವರೊಂದಿಗೆ ನನ್ನದೊಂದು ಜಗಳ ಇದ್ದದ್ದೇ. ವಿಷ ಹೊಟ್ಟೆಗೆ ಹೋದವರಿಗೆ ಉಪ್ಪುನೀರು, ಹುಣಸೆನೀರು, ಸಗಣಿನೀರು ಕುಡಿಸಿ ಕಕ್ಕಿಸಿ ತರುತ್ತಾರೆ. ವಾಂತಿ ಶ್ವಾಸಕೋಶಕ್ಕಿಳಿದರೆ ವಿಷದ ಜೊತೆ ನ್ಯುಮೋನಿಯಾ. ಏನೂ ಕುಡಿಸದೆ, ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ. ಔಷಧಿಯ ಡಬ್ಬಿಯನ್ನು ಲೇಬಲ್ ಸಮೇತ ತನ್ನಿ. ಉಳಿದ ಔಷಧಿಯನ್ನು ಜ್ಯೂಸ್ ಬಾಟಲಿಗೆ ಸುರಿದು ಅಡುಗೆಮನೆಯಲ್ಲಿಟ್ಟರೆ ಲೇಬಲ್ಲೂ ಇಲ್ಲ, ಮಗುವಿಗೆ ಅದು ಜ್ಯೂಸೇ. ಯಾವ ವಿಷಕ್ಕೆ ಏನು ಮಾಡಬೇಕೆಂದು ಹಗಲು ರಾತ್ರಿ ಹೇಳುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ದೆಹಲಿಯ ಏಮ್ಸ್‌ನಲ್ಲಿದೆ. 1800 116 117, ದುಡ್ಡಿಲ್ಲದ ಕರೆ.

ಎರಡನೇ ದಿನ ರೋಗಿ ಎದ್ದು ಕೂತು ಕಾಫಿ ಕುಡಿದರೆ ಡಿಸ್ಚಾರ್ಜ್ ಕೇಳಲು ಶುರು. ಆದರೆ ಕೆಲವರಿಗೆ ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆಯ, ಉಸಿರಾಟದ ಸ್ನಾಯುಗಳು ಸೋಲುತ್ತವೆ. 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ಗುರುತಿಸಿ ಬರೆದರು. ಅದಕ್ಕೇ ಪ್ರತಿ ಡ್ಯೂಟಿಯಲ್ಲೂ, "ದಿಂಬಿಂದ ತಲೆ ಎತ್ತಿ ನೋಡೋಣ" ಎನ್ನುತ್ತೇನೆ. ಎತ್ತಲಾಗದಿದ್ದರೆ ತಕ್ಷಣ ವೆಂಟಿಲೇಟರ್ ಇರುವ ಕಡೆಗೆ. ಎತ್ತಿದರೂ ಇನ್ನೆರಡು ದಿನ ನಾವು ಬಿಡುವುದಿಲ್ಲ.