ಭಾನುವಾರದ ಸರಕು: ಕಾರು ಪಂದ್ಯಗಳ ಪ್ರಸಾರ ಹಕ್ಕು ಮತ್ತು ಪ್ರೇಕ್ಷಕನ ಲೆಕ್ಕ

ಸರಕು ಎಂದರೆ ಗೋದಾಮಿನಲ್ಲಿ ದಾಸ್ತಾನು ಮಾಡಬಹುದಾದ ವಸ್ತು ಎಂಬ ಭಾವನೆ ನಮ್ಮ ವ್ಯಾಪಾರಿ ಬಂಧುಗಳಲ್ಲಿ ಇಂದಿಗೂ ಬಲವಾಗಿದೆ. ಆದರೆ ಭಾನುವಾರ ಎರಡು ಗಂಟೆಗಳ ಕಾಲ ಮಾತ್ರ ಜೀವಂತವಾಗಿದ್ದು, ಸೋಮವಾರ ಬೆಳಗಾಗುವಷ್ಟರಲ್ಲಿ ತನ್ನ ಬೆಲೆಯ ಬಹುಪಾಲನ್ನು ಕಳೆದುಕೊಳ್ಳುವ ಸರಕೊಂದು ಜಗತ್ತಿನಲ್ಲಿದೆ. ಮಾರುಕಟ್ಟೆ ಪ್ರಾಂಗಣದ ಟೊಮೆಟೊ ಕೂಡ ಅದಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಫಾರ್ಮುಲಾ ಒನ್ ಕಾರು ಪಂದ್ಯದ ನೇರ ಪ್ರಸಾರವೇ ಆ ಸರಕು. ಅದನ್ನು ಮಾರುವವರು ಹಕ್ಕುದಾರರು, ಕೊಳ್ಳುವವರು ದೂರದರ್ಶನ ವಾಹಿನಿಗಳು, ಕೊನೆಯಲ್ಲಿ ಹಣ ತೆರುವವನು ಪ್ರೇಕ್ಷಕ.

ಈ ವಿಷಯದತ್ತ ನನ್ನ ಗಮನ ಹರಿಯಲು ಕಾರಣರಾದವರು ಪೀಣ್ಯದಲ್ಲಿ ಬಿಡಿಭಾಗಗಳ ಸಣ್ಣ ಘಟಕ ನಡೆಸುವ ನನ್ನ ಕಕ್ಷಿದಾರರೊಬ್ಬರು. ಪಂದ್ಯವಿರುವ ಭಾನುವಾರಗಳಂದು ಸಂಜೆ ತಮ್ಮ ಘಟಕದ ಕಚೇರಿಯಲ್ಲಿ ನಾಲ್ಕಾರು ಕೆಲಸಗಾರರೊಡನೆ ಕುಳಿತು ಕಾರು ಪಂದ್ಯ ನೋಡುವುದು ಅವರ ಬಹುಕಾಲದ ರೂಢಿ. 2023ರ ಮಾರ್ಚ್ ತಿಂಗಳಲ್ಲಿ ವರ್ಷಾಂತ್ಯದ ಕಡತಗಳ ನಡುವೆ ಅವರು, "ಸಾರ್, ಕೇಬಲ್‌ಗೆ ತಿಂಗಳು ತಿಂಗಳೂ ತಪ್ಪದೆ ದುಡ್ಡು ಕಟ್ತೀವಿ. ಆದರೂ ರೇಸ್ ಯಾವ ಚಾನೆಲ್‌ನಲ್ಲೂ ಇಲ್ಲ. ಇದು ಯಾವ ನ್ಯಾಯ?" ಎಂದು ಕೇಳಿದರು. ತೆರಿಗೆಯ ಪ್ರಶ್ನೆಯಾಗಿದ್ದರೆ ಕೂಡಲೇ ಉತ್ತರಿಸಬಹುದಿತ್ತು. ಇದಕ್ಕೆ ಉತ್ತರ ಹುಡುಕಲು ನನಗೆ ಕೆಲವು ವಾರಗಳೇ ಹಿಡಿದವು. ಉತ್ತರ ದೊರೆತದ್ದು ಬ್ರಿಟನ್ನಿನಲ್ಲಿ.

ಬ್ರಿಟನ್ನಿನ ಪ್ರಸಂಗ

ಬ್ರಿಟನ್ನಿನಲ್ಲಿ ಈ ಪಂದ್ಯಗಳನ್ನು 1996ರವರೆಗೆ ಬಿಬಿಸಿಯೂ, 1997ರಿಂದ 2008ರವರೆಗೆ ಐಟಿವಿಯೂ, 2009ರಿಂದ ಮತ್ತೆ ಬಿಬಿಸಿಯೂ ಪ್ರಸಾರ ಮಾಡಿದವು. ಎರಡೂ ಉಚಿತ ವಾಹಿನಿಗಳು. ಉಚಿತ ಎಂದರೂ ಪುಕ್ಕಟೆಯಲ್ಲ: ಬಿಬಿಸಿಗೆ ಪ್ರತಿ ಮನೆಯೂ ಪರವಾನಗಿ ಶುಲ್ಕ ಕಟ್ಟಬೇಕು, ಐಟಿವಿಗೆ ಜಾಹೀರಾತುದಾರ ಹಣ ಕೊಡಬೇಕು. ಜಾಹೀರಾತಿನ ಬೆಲೆಯನ್ನು ಪ್ರೇಕ್ಷಕನೂ ಒಂದಿಷ್ಟು ತೆರುತ್ತಿದ್ದ. 2005ರಲ್ಲಿ ಇಮೋಲಾದಲ್ಲಿ ನಡೆದ ಸ್ಯಾನ್ ಮರಿನೋ ಪಂದ್ಯದ ಕೊನೆಯ ಸುತ್ತುಗಳಲ್ಲಿ ಅಲೋನ್ಸೊ ಮುಂದೆ, ಶೂಮಾಕರ್ ಅವರ ಬೆನ್ನಿಗೆ ಅಂಟಿಕೊಂಡಂತೆ ಹಿಂದೆ ಓಡುತ್ತಿದ್ದಾಗಲೇ ಐಟಿವಿ ಜಾಹೀರಾತಿಗೆ ಹೊರಳಿತು. ಪ್ರೇಕ್ಷಕರ ಕೋಪ ಎಷ್ಟಿತ್ತೆಂದರೆ ವಾಹಿನಿಯು ಕ್ಷಮೆ ಕೇಳಬೇಕಾಯಿತು.

2011ರ ಜುಲೈ 29ರಂದು ಹೊರಬಿದ್ದ ಪ್ರಕಟಣೆ ಇದಕ್ಕಿಂತ ದೊಡ್ಡ ಅಲೆಯನ್ನೆಬ್ಬಿಸಿತು. 2012ರಿಂದ ಎಲ್ಲ ಪಂದ್ಯಗಳ ನೇರ ಪ್ರಸಾರ ಪಾವತಿ ವಾಹಿನಿಯಾದ ಸ್ಕೈಗೆ, ಅರ್ಧದಷ್ಟು ಪಂದ್ಯಗಳು ಮಾತ್ರ ಬಿಬಿಸಿಗೆ, ಉಳಿದವುಗಳ ಮುಖ್ಯಾಂಶಗಳಷ್ಟೇ ತಡವಾಗಿ ಎಂಬುದು ಒಪ್ಪಂದ. ಬಿಬಿಸಿಯ ಹಳೆಯ ಕರಾರು 2013ರವರೆಗೂ ಇತ್ತು. ಆದರೆ 2010ರಲ್ಲಿ ಸರ್ಕಾರ ಪರವಾನಗಿ ಶುಲ್ಕವನ್ನು ಮನೆಯೊಂದಕ್ಕೆ ವರ್ಷಕ್ಕೆ 145.50 ಪೌಂಡಿನಲ್ಲೇ ಹಲವು ವರ್ಷ ನಿಲ್ಲಿಸಿದ್ದರಿಂದ ಖರ್ಚು ಕಡಿತಗೊಳಿಸುವುದು ಆ ಸಂಸ್ಥೆಗೆ ಅನಿವಾರ್ಯವಾಗಿತ್ತು. ಆದಾಯ ಸ್ಥಿರವಾಗಿ ವೆಚ್ಚ ಏರುತ್ತಿದ್ದರೆ ದುಬಾರಿ ಬಾಬ್ತಿನ ಮೇಲೆಯೇ ಮೊದಲು ಕತ್ತರಿ ಬೀಳುವುದು ನಮ್ಮ ಸದಸ್ಯರಿಗೆ ಹೊಸ ಸಂಗತಿಯೇನಲ್ಲ.

ಅಭಿಮಾನಿಗಳ ವಾದ ಅಂದಿನಿಂದ ಇಂದಿನವರೆಗೂ ನಿಂತಿಲ್ಲ. ಒಂದು ಪಕ್ಷ ಹೇಳುವುದು ಇಷ್ಟು: ನಾವು ಮೂವತ್ತು ವರ್ಷ ನೋಡಿದ್ದರಿಂದಲೇ ಈ ಕ್ರೀಡೆಗೆ ಬೆಲೆ ಬಂದಿತು, ಈಗ ಅದೇ ಬೆಲೆಯನ್ನು ನಮಗೇ ಮಾರುತ್ತಿದ್ದೀರಿ. ವರ್ಷಕ್ಕೆ ನೂರಾರು ಪೌಂಡು ತೆತ್ತು, ನೋಡದ ಇತರ ಆಟಗಳನ್ನೂ ಕಟ್ಟಿನಲ್ಲಿ ಕೊಳ್ಳಬೇಕೆಂಬುದು ಅವರ ಸಿಟ್ಟು. ಇನ್ನೊಂದು ಮಾತನ್ನೂ ಅವರು ಸೇರಿಸುತ್ತಾರೆ, ನನಗೆ ಬಹಳ ತೂಕದ್ದೆನಿಸಿದ್ದು ಅದೇ. ಅವರಲ್ಲಿ ಬಹುಪಾಲು ಮಂದಿ ಅಭಿಮಾನಿಗಳಾದದ್ದು ಆಕಸ್ಮಿಕವಾಗಿ. ಭಾನುವಾರ ಊಟ ಮುಗಿಸಿ ಅಪ್ಪ ಹಾಕಿದ ಟಿವಿಯಲ್ಲಿ ಕಂಡದ್ದನ್ನು ಬಾಲಕ ನೋಡಿದ, ಜೀವಮಾನವಿಡೀ ನೋಡುತ್ತಲೇ ಹೋದ. ಚಂದಾ ಕಟ್ಟಿದವರಿಗೆ ಮಾತ್ರ ತೆರೆಯುವ ವಾಹಿನಿಯ ಮುಂದೆ ಅಂತಹ ಆಕಸ್ಮಿಕ ಗಿರಾಕಿ ಎಲ್ಲಿಂದ ಬರಬೇಕು?

ಎದುರು ಪಕ್ಷವೂ ಹಗುರವಾದುದಲ್ಲ. ಸ್ಕೈ 2012ರಲ್ಲಿ ಈ ಕ್ರೀಡೆಗೆಂದೇ ಪ್ರತ್ಯೇಕ ವಾಹಿನಿ ತೆರೆಯಿತು. ಅಭ್ಯಾಸದ ಸುತ್ತುಗಳಿಂದ ಹಿಡಿದು ಎಲ್ಲವನ್ನೂ ತೋರಿಸಿತು. ಪಂದ್ಯದ ನಡುವೆ ಜಾಹೀರಾತು ಹಾಕಲಿಲ್ಲ. ಕೊಟ್ಟ ಕಾಸಿಗೆ ತಕ್ಕ ಸರಕು ಸಿಗುತ್ತಿದೆ, ಬೇಕಾದವರು ಕೊಳ್ಳಲಿ ಎಂಬುದು ಈ ಪಕ್ಷದ ನಿಲುವು. ಅಲ್ಲದೆ, ಉಚಿತ ವಾಹಿನಿಗಳು ಅಷ್ಟು ಹಣ ತೆರಲಾರವೆಂಬುದು ಬೇಗನೆ ಸಾಬೀತಾಯಿತು. 2015ರ ಕೊನೆಗೆ ಬಿಬಿಸಿ ತನ್ನ ಪಾಲನ್ನೂ ಬಿಟ್ಟಿತು. ಅದನ್ನು ಕೈಗೆತ್ತಿಕೊಂಡ ಚಾನೆಲ್ 4 ಕೂಡ 2019ರಿಂದ ಮುಖ್ಯಾಂಶಗಳು ಮತ್ತು ಬ್ರಿಟಿಷ್ ಪಂದ್ಯವೊಂದರ ನೇರ ಪ್ರಸಾರಕ್ಕೆ ಸೀಮಿತವಾಯಿತು. ಸ್ಕೈನ ಕರಾರು 2022ರಲ್ಲಿ 2029ರವರೆಗೆ ವಿಸ್ತರಿಸಲ್ಪಟ್ಟಿತು. ಜರ್ಮನಿಯಲ್ಲೂ ಮೂವತ್ತು ವರ್ಷ ಉಚಿತವಾಗಿ ತೋರಿಸಿದ ಆರ್‌ಟಿಎಲ್ 2020ರ ನಂತರ ಹಿಂದೆ ಸರಿದು ಸ್ಕೈಗೆ ದಾರಿ ಬಿಟ್ಟಿತು.

ಎರಡು ದಿನಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡಬೇಕು. 2008ರ ನವೆಂಬರ್ 2ರಂದು ಬ್ರೆಜಿಲಿನಲ್ಲಿ, ಕೊನೆಯ ಪಂದ್ಯದ ಕೊನೆಯ ಸುತ್ತಿನಲ್ಲಿ, ಲೂಯಿಸ್ ಹ್ಯಾಮಿಲ್ಟನ್ ಮೊದಲ ಬಾರಿ ವಿಶ್ವ ಚಾಂಪಿಯನ್ ಆದಾಗ ಐಟಿವಿಯಲ್ಲಿ ಅದನ್ನು ನೋಡಿದ ಬ್ರಿಟಿಷರ ಸಂಖ್ಯೆ ಒಂದು ಹಂತದಲ್ಲಿ ಒಂದು ಕೋಟಿಯನ್ನೂ ಮೀರಿತ್ತು. 2020ರಲ್ಲಿ ಅದೇ ಹ್ಯಾಮಿಲ್ಟನ್ ಏಳನೆಯ ಪ್ರಶಸ್ತಿ ಗೆದ್ದು ಶೂಮಾಕರ್ ದಾಖಲೆಯನ್ನು ಸರಿಗಟ್ಟಿದಾಗ ಅದರ ನೇರ ಪ್ರಸಾರವಿದ್ದುದು ಪಾವತಿ ವಾಹಿನಿಯಲ್ಲಿ ಮಾತ್ರ. 2021ರ ಡಿಸೆಂಬರ್ 12ರ ಅಬುಧಾಬಿ ಪಂದ್ಯದಲ್ಲಿ ಹ್ಯಾಮಿಲ್ಟನ್ ಮತ್ತು ವರ್ಸ್ಟಾಪನ್ ಸಮಾನ ಅಂಕಗಳೊಂದಿಗೆ ಕಣಕ್ಕಿಳಿದಾಗ ಸ್ಕೈ ತಾನಾಗಿ ಚಾನೆಲ್ 4ಕ್ಕೂ ನೇರ ಪ್ರಸಾರಕ್ಕೆ ಅವಕಾಶ ನೀಡಿತು. ಏಕಸ್ವಾಮ್ಯಕ್ಕೆ ಇಷ್ಟೊಂದು ಹಣ ತೆತ್ತವರೇ ಅತಿ ದೊಡ್ಡ ದಿನದಂದು ಬಾಗಿಲು ತೆರೆದಿಟ್ಟದ್ದು ಏನನ್ನು ಸೂಚಿಸುತ್ತದೆ ಎಂಬುದನ್ನು ಓದುಗರೇ ಊಹಿಸಬಹುದು.

ಹಕ್ಕುದಾರರ ಪುಸ್ತಕದಲ್ಲಿ

ಈ ವ್ಯವಹಾರದ ಮೂಲಪುರುಷ ಬರ್ನಿ ಎಕ್ಲೆಸ್ಟನ್. ಪಂದ್ಯಗಳ ವಾಣಿಜ್ಯ ಹಕ್ಕು ಬಹುಮಟ್ಟಿಗೆ ಚೆದುರಿಹೋಗಿದ್ದ ಕಾಲದಲ್ಲಿ, ತಂಡಗಳ ಪರವಾಗಿ ಅವನ್ನು ಒಂದೇ ಕೈಯಲ್ಲಿ ಕ್ರೋಡೀಕರಿಸಿದವರು ಅವರು. ಯೂರೋಪಿಯನ್ ಆಯೋಗದ ಸ್ಪರ್ಧಾನೀತಿ ತನಿಖೆಯ ಫಲವಾಗಿ, ನಿಯಮ ರೂಪಿಸುವ ಸಂಸ್ಥೆಯಾದ ಎಫ್‌ಐಎ ವಾಣಿಜ್ಯ ವ್ಯವಹಾರದಿಂದ ದೂರ ಸರಿಯಿತು. ಆ ಹಕ್ಕುಗಳನ್ನು 2011ರಿಂದ 2110ರವರೆಗೆ ನೂರು ವರ್ಷಗಳ ಅವಧಿಗೆ ಎಕ್ಲೆಸ್ಟನ್ನರ ಕುಟುಂಬದ ಸಮೂಹಕ್ಕೆ ಗುತ್ತಿಗೆ ನೀಡಿತು. ನಮ್ಮಲ್ಲಿ ಕೈಗಾರಿಕಾ ನಿವೇಶನಕ್ಕೆ 99 ವರ್ಷಗಳ ಗುತ್ತಿಗೆ ಸಿಕ್ಕರೆ ಪುಣ್ಯ ಎನ್ನುವವರು ಇದನ್ನು ಗಮನಿಸಬೇಕು. 2017ರ ಜನವರಿಯಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ಸಂಸ್ಥೆ, ಸಾಲವೂ ಸೇರಿದಂತೆ ಸುಮಾರು 800 ಕೋಟಿ ಡಾಲರ್ ಮೌಲ್ಯಕ್ಕೆ ಇದನ್ನು ಕೊಂಡಿತು.

ಲಿಬರ್ಟಿಯ ಲೆಕ್ಕಪತ್ರಗಳು ಸಾರ್ವಜನಿಕವಾಗಿರುವುದರಿಂದ ನಮಗೆ ಅನುಕೂಲ. ಫಾರ್ಮುಲಾ ಒನ್ ಆದಾಯ 2017ರಲ್ಲಿ ಸುಮಾರು 178 ಕೋಟಿ ಡಾಲರ್ ಇದ್ದುದು 2024ರಲ್ಲಿ ಸುಮಾರು 341 ಕೋಟಿ ಡಾಲರಿಗೆ ಏರಿದೆ. ಅದರಲ್ಲಿ ಮಾಧ್ಯಮ ಹಕ್ಕುಗಳ ಪಾಲು ಹೆಚ್ಚುಕಡಿಮೆ ಮೂರನೆಯ ಒಂದು ಭಾಗ. ಪಂದ್ಯ ನಡೆಸುವ ಊರುಗಳಿಂದ ಬರುವ ಶುಲ್ಕ ಮತ್ತು ಪ್ರಾಯೋಜಕರ ಹಣ ಉಳಿದ ಪ್ರಮುಖ ಬಾಬ್ತುಗಳು. 2024ರಲ್ಲಿ ತಂಡಗಳಿಗೆ ಹಂಚಿದ ಮೊತ್ತ ಸುಮಾರು 126 ಕೋಟಿ ಡಾಲರ್. ಆದ್ದರಿಂದ ಪ್ರಸಾರದ ಬೆಲೆ ಏರಿದರೆ ತಂಡಗಳಿಗೂ ಲಾಭವೇ. ಆದರೆ ಕಾರಿನ ಮೇಲೆ ಹೆಸರು ಬರೆಸಿದ ಪ್ರಾಯೋಜಕ ಕೊಂಡದ್ದು ಕಣ್ಣುಗಳನ್ನು. ಕಣ್ಣುಗಳು ಕಡಿಮೆಯಾದರೆ ಅವನು ಮುಂದಿನ ವರ್ಷ ಚೌಕಾಶಿಗೆ ಇಳಿಯುತ್ತಾನೆ. ಒಂದು ಖಾತೆಯ ಜಮೆ ಇನ್ನೊಂದು ಖಾತೆಯ ಖರ್ಚಾಗುವ ಈ ಅಂಶ ಅಭಿಮಾನಿಗಳ ಚರ್ಚೆಯಲ್ಲಿ ಅಷ್ಟಾಗಿ ಬರುವುದಿಲ್ಲ.

ಅಮೆರಿಕದ ಮಾರುಕಟ್ಟೆಯಲ್ಲಿ ಇದೇ ಹಕ್ಕುದಾರರು ಬೇರೆಯೇ ನೀತಿ ಅನುಸರಿಸಿದರು. 2018ರಲ್ಲಿ ಇಎಸ್‌ಪಿಎನ್‌ಗೆ ಪ್ರಸಾರ ವಹಿಸಿದಾಗ ಹಕ್ಕಿನ ಶುಲ್ಕವನ್ನೇ ಪಡೆಯಲಿಲ್ಲವೆಂದು ವರದಿಯಾಗಿತ್ತು. 2019ರಲ್ಲಿ ನೆಟ್‌ಫ್ಲಿಕ್ಸ್‌ನ ಸಾಕ್ಷ್ಯಚಿತ್ರ ಸರಣಿ ಆರಂಭವಾಗಿ, ಕಾರಿನ ಯಂತ್ರ ತಿಳಿಯದವರಿಗೂ ಚಾಲಕರ ಜಗಳಗಳು ಪರಿಚಯವಾದವು. 2018ರಲ್ಲಿ ಪಂದ್ಯವೊಂದಕ್ಕೆ ಸರಾಸರಿ ಸುಮಾರು 5.5 ಲಕ್ಷವಿದ್ದ ವೀಕ್ಷಕರು 2022ರಲ್ಲಿ 12 ಲಕ್ಷವಾದರು. ಆ ಬಳಿಕ ಇಎಸ್‌ಪಿಎನ್ ವರ್ಷಕ್ಕೆ 7.5 ಕೋಟಿಯಿಂದ 9 ಕೋಟಿ ಡಾಲರ್ ತೆರಬೇಕಾಯಿತೆಂದೂ, 2025ರ ಅಕ್ಟೋಬರಿನಲ್ಲಿ ಆಪಲ್ ಸಂಸ್ಥೆ 2026ರಿಂದ ಐದು ವರ್ಷಗಳ ಹಕ್ಕಿಗೆ ವರ್ಷಕ್ಕೆ ಸುಮಾರು 14 ಕೋಟಿ ಡಾಲರ್ ಒಪ್ಪಿತೆಂದೂ ವರದಿಗಳಿವೆ. ಮೊದಲು ಮಾದರಿ ಹಂಚಿ, ರುಚಿ ಹತ್ತಿಸಿ, ಆಮೇಲೆ ದರ ಕಟ್ಟುವ ಕಾಫಿಪುಡಿ ವ್ಯಾಪಾರಿಯ ಕ್ರಮವೇ ಇದು. ಈಗ ಅಮೆರಿಕದ ಅಭಿಮಾನಿಗಳು ಬ್ರಿಟಿಷರು 2011ರಲ್ಲಿ ಆರಂಭಿಸಿದ ವಾದವನ್ನೇ ಮಾಡುತ್ತಿದ್ದಾರೆ.

ನಮ್ಮ ದೇಶದ ಮಟ್ಟಿಗೆ

ಭಾರತದಲ್ಲಿ 2022ರವರೆಗೆ ಈ ಪಂದ್ಯಗಳು ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ಬರುತ್ತಿದ್ದವು. ಕರಾರು ನವೀಕರಣವಾಗದೆ 2023ರಲ್ಲಿ ದೂರದರ್ಶನದ ಪರದೆಯಿಂದ ಅವು ಕಣ್ಮರೆಯಾದವು. ಹಕ್ಕುದಾರರು ತಮ್ಮದೇ ಅಂತರ್ಜಾಲ ಚಂದಾ ಸೇವೆಯನ್ನು ಇಲ್ಲಿ ತೆರೆದರು. ನನ್ನ ಕಕ್ಷಿದಾರರ ಪ್ರಶ್ನೆಗೆ ಉತ್ತರ ಇದೇ. ಅವರು ಕೇಬಲ್‌ಗೆ ಕಟ್ಟುತ್ತಿದ್ದ ಹಣದಲ್ಲಿ ಈ ಸರಕು ಸೇರಿರಲಿಲ್ಲ, ಏಕೆಂದರೆ ಅದನ್ನು ಯಾವ ವಾಹಿನಿಯೂ ಕೊಂಡಿರಲಿಲ್ಲ. 2024ರಲ್ಲಿ ಫ್ಯಾನ್‌ಕೋಡ್ ಎಂಬ ಅಂತರ್ಜಾಲ ವೇದಿಕೆ ಹಕ್ಕು ಪಡೆದು, ಇಡೀ ಋತುವಿನ ಚಂದಾ ಜೊತೆಗೆ ಒಂದೊಂದು ಪಂದ್ಯಕ್ಕೂ ಬಿಡಿ ಪಾಸ್ ಮಾರಲು ಆರಂಭಿಸಿತು. ಬಾಟಲಿ ಕೊಳ್ಳಲಾಗದವನಿಗೆ ಸ್ಯಾಶೆಯಲ್ಲಿ ಶಾಂಪೂ ಮಾರಿದ ದೇಶಕ್ಕೆ ಒಪ್ಪುವ ಉಪಾಯ.

ಕಾನೂನಿನ ರಕ್ಷಣೆ ಇಲ್ಲವೇ ಎಂದು ಕೆಲವರು ಕೇಳುತ್ತಾರೆ. ಕ್ರೀಡಾ ಪ್ರಸಾರ ಸಂಕೇತಗಳನ್ನು ಪ್ರಸಾರ ಭಾರತಿಯೊಡನೆ ಕಡ್ಡಾಯವಾಗಿ ಹಂಚಿಕೊಳ್ಳಬೇಕೆಂಬ 2007ರ ಕಾಯಿದೆ ನಮ್ಮಲ್ಲಿದೆ. ದೂರದರ್ಶನ ಜಾಹೀರಾತು ಆದಾಯದ ಕನಿಷ್ಠ ಶೇ. 75 ಭಾಗ ಹಕ್ಕುದಾರನಿಗೆ, ಉಳಿದದ್ದು ಪ್ರಸಾರ ಭಾರತಿಗೆ. ಆದರೆ ಅದು ಅನ್ವಯಿಸುವುದು ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಅಧಿಸೂಚಿಸಿದ ಪಂದ್ಯಗಳಿಗೆ ಮಾತ್ರ. ಕ್ರಿಕೆಟ್, ಒಲಿಂಪಿಕ್ಸ್ ಮುಂತಾದವು ಆ ಪಟ್ಟಿಯಲ್ಲಿವೆ. ಕಾರು ಪಂದ್ಯ ಇಲ್ಲ. ಬ್ರಿಟನ್ನಿನ ಇಂತಹದೇ ಪಟ್ಟಿಯಲ್ಲೂ ಇಲ್ಲ.

ವೃತ್ತಿಬಾಂಧವರಿಗಾಗಿ ಒಂದು ಮಾತು. 2011ರಿಂದ 2013ರವರೆಗೆ ನೊಯಿಡಾ ಬಳಿಯ ಬುದ್ಧ ಸರ್ಕ್ಯೂಟಿನಲ್ಲಿ ನಡೆದ ಭಾರತೀಯ ಪಂದ್ಯದ ಬಗ್ಗೆ ಸರ್ವೋಚ್ಚ ನ್ಯಾಯಾಲಯ 2017ರ ಏಪ್ರಿಲ್‌ನಲ್ಲಿ ನೀಡಿದ ತೀರ್ಪು ಓದಲರ್ಹವಾದುದು. ವರ್ಷಕ್ಕೆ ಮೂರು ದಿನ ನಡೆದ ಪಂದ್ಯವಾದರೂ ಆ ಅಂಗಳದ ಮೇಲೆ ವಿದೇಶಿ ಸಂಸ್ಥೆಗಿದ್ದ ಹತೋಟಿಯನ್ನು ಗಮನಿಸಿ, ಅದು ಇಲ್ಲಿನ ಕಾಯಂ ಸಂಸ್ಥಾಪನೆಯೇ ಸರಿ, ಆದ್ದರಿಂದ ತೆರಿಗೆ ತೆರತಕ್ಕದ್ದೇ ಎಂದು ನ್ಯಾಯಾಲಯ ಹೇಳಿತು.

ಕೊನೆಯದಾಗಿ, ಈ ಲೇಖನವನ್ನು ಈ ಪತ್ರಿಕೆಗೇ ಬರೆಯಲು ಕಾರಣವಾದ ಸಂಗತಿ. ಊದುಬತ್ತಿ ತಯಾರಿಸುವ ನನ್ನ ಇನ್ನೊಬ್ಬ ಕಕ್ಷಿದಾರರಿಗೆ ಕೆಲವು ವರ್ಷಗಳ ಹಿಂದೆ ದೊಡ್ಡ ಚಿಲ್ಲರೆ ಮಳಿಗೆಗಳ ಸರಪಳಿಯೊಂದು ಮೂರು ವರ್ಷಗಳ ಏಕಮಾತ್ರ ಮಾರಾಟದ ಕರಾರು ನೀಡಿತು. ದರ ಶೇ. 18ರಷ್ಟು ಹೆಚ್ಚು, ಹಣ 45 ದಿನದೊಳಗೆ ಖಚಿತ, ವಸೂಲಿಯ ತಲೆನೋವಿಲ್ಲ. ಲೆಕ್ಕ ಹಾಕಿ ಸಹಿ ಮಾಡಬಹುದೆಂದು ಹೇಳಿದವನು ನಾನೇ. ಸುಮಾರು ನಾನೂರು ಕಿರಾಣಿ ಅಂಗಡಿಗಳಿಗೆ ಸರಬರಾಜು ನಿಂತಿತು. ಮೂರು ವರ್ಷ ಲಾಭ ಚೆನ್ನಾಗಿಯೇ ಬಂತು. ನಾಲ್ಕನೆಯ ವರ್ಷ ಸರಪಳಿಯವರು ತಮ್ಮದೇ ಹೆಸರಿನ ಊದುಬತ್ತಿ ತಂದು ಕರಾರು ನವೀಕರಿಸಲಿಲ್ಲ. ಅಂಗಡಿಗಳಿಗೆ ಮರಳಿ ಹೋದಾಗ ಆ ಅಡ್ಡಗಂಬಿಯಲ್ಲಿ ಬೇರೆಯವರ ಪೊಟ್ಟಣ ತೂಗುತ್ತಿತ್ತು. "ನಿಮ್ಮ ಮಾಲು ಕೇಳುವವರೇ ಈಗ ಇಲ್ಲ ಅಣ್ಣ" ಎಂದು ಒಬ್ಬ ಅಂಗಡಿಯಾತ ಹೇಳಿದನಂತೆ. ನಾನು ಅಂದು ಮಾಡಿದ ಲೆಕ್ಕದಲ್ಲಿ ದರವಿತ್ತು, ಬಡ್ಡಿಯಿತ್ತು, ವಸೂಲಿ ವೆಚ್ಚದ ಉಳಿತಾಯವೂ ಇತ್ತು. ನಾನೂರು ಅಂಗಡಿಗಳ ಮುಂದೆ ದಿನವೂ ಹಾದುಹೋಗುವವರ ಕಣ್ಣಿಗೆ ಆ ಪೊಟ್ಟಣ ಬೀಳುವುದಕ್ಕೆ ನಾನು ಯಾವ ಬೆಲೆಯನ್ನೂ ಕಟ್ಟಿರಲಿಲ್ಲ.

ಈಗ ಅವರು ನೂರ ಅರವತ್ತು ಅಂಗಡಿಗಳನ್ನು ಮರಳಿ ಹಿಡಿದಿದ್ದಾರೆ. ಇನ್ನೊಂದು ಸರಪಳಿಯಿಂದ ಕರಾರಿನ ಕರಡು ಕಳೆದ ತಿಂಗಳು ಬಂದಿದೆ. ಅದರಲ್ಲಿ 'ಏಕಮಾತ್ರ' ಎಂಬ ಪದವನ್ನು ಹೊಡೆದು, ಐವತ್ತು ಗ್ರಾಮಿನ ಪೊಟ್ಟಣ ಕಿರಾಣಿ ಅಂಗಡಿಗಳಿಗೇ ಮೀಸಲು ಎಂದು ತಿದ್ದಿ ಹಿಂದಿರುಗಿಸಿದ್ದೇವೆ. ದರವನ್ನು ಶೇ. 6ರಷ್ಟು ಇಳಿಸಿಕೊಳ್ಳುವುದಾಗಿಯೂ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.