ಮಕ್ಕಳ ಉತ್ತಮ ಆರೋಗ್ಯ ಸೇವೆಗಾಗಿ ಧ್ವನಿ ಎತ್ತೋಣ

ಮೊಂತಿ ಹಬ್ಬದ ನೊವೆನಾ ದಿನಗಳಲ್ಲಿ ಬುಟ್ಟಿ ತುಂಬ ಹೂವು ಹಿಡಿದು ಚರ್ಚಿಗೆ ಬರುವ ಮಕ್ಕಳನ್ನು ಕಂಡಾಗ ನಮ್ಮೆಲ್ಲರ ಮನಸ್ಸು ತುಂಬಿ ಬರುತ್ತದೆ. ಆದರೆ ಆ ಸಾಲಿನಲ್ಲಿ ನಿಲ್ಲಲಾಗದ ಮಕ್ಕಳೂ ನಮ್ಮ ವಾಳೆಗಳಲ್ಲಿದ್ದಾರೆ. ಹಾಸಿಗೆಯಲ್ಲೇ ಇರುವ ಮಗು, ಕಿವಿ ಕೇಳದೆ ಮಾತೂ ಬಾರದ ಮಗು, ಓಡಿದರೆ ಏದುಸಿರು ಬಿಡುವ ಮಗು. ಇವರಲ್ಲಿ ಅನೇಕರ ತೊಂದರೆಯನ್ನು ಬೇಗ ಗುರುತಿಸಿದ್ದರೆ ಸರಿಪಡಿಸಬಹುದಿತ್ತು ಅಥವಾ ಕಡಿಮೆ ಮಾಡಬಹುದಿತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ನಮ್ಮ ಧರ್ಮಕೇಂದ್ರಗಳು ಈ ವಿಷಯವನ್ನು ಗಂಭೀರವಾಗಿ ಪರಿಗಣಿಸಬೇಕು ಎಂಬುದು ಈ ಬರಹದ ಉದ್ದೇಶ.

ಸೇವೆಯೂ ಬೇಕು, ಧ್ವನಿಯೂ ಬೇಕು

ರೋಗಿಗಳ ಆರೈಕೆ ನಮ್ಮ ಧರ್ಮಸಭೆಗೆ ಹೊಸತಲ್ಲ. 1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಆರಂಭಿಸಿದ ಔಷಧಾಲಯ ಇಂದು ದೊಡ್ಡ ಸಂಸ್ಥೆಯಾಗಿ ಬೆಳೆದಿದೆ. ಅದರ ಆಸ್ಪತ್ರೆ ಬಂಟ್ವಾಳ ತಾಲೂಕಿನ ತುಂಬೆಯಲ್ಲೂ ಇದೆ. ಇದು ಹೆಮ್ಮೆಯ ವಿಷಯ. ಆದರೆ ಆಸ್ಪತ್ರೆ ಕಟ್ಟುವುದರೊಂದಿಗೆ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ದಿಡುಪೆಯಲ್ಲಿ ಅಥವಾ ಶಿಶಿಲದಲ್ಲಿ ಹುಟ್ಟಿದ ಮಗುವಿಗೆ ಮೊದಲು ಸಿಗುವುದು ಅಂಗನವಾಡಿ, ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿಯ ಸೇವೆ ಚೆನ್ನಾಗಿರಬೇಕಾದರೆ ಅದನ್ನು ಕೇಳುವ ಜನರಿರಬೇಕು.

ಮಗಳಿಗಾಗಿ ಯೇಸುವಿನ ಬಳಿಗೆ ಬಂದ ಕಾನಾನ್ ಸೀಮೆಯ ತಾಯಿಯನ್ನು ನೆನಪಿಸಿಕೊಳ್ಳೋಣ. ಶಿಷ್ಯರು ಅವಳನ್ನು ಕಳುಹಿಸಿಬಿಡಲು ನೋಡಿದರು. ಅವಳು ಹಿಂದೆ ಸರಿಯಲಿಲ್ಲ. ಪ್ರಭು ಅವಳ ವಿಶ್ವಾಸವನ್ನು ಮೆಚ್ಚಿದರು. ಮಕ್ಕಳ ಪರವಾಗಿ ಪಟ್ಟು ಹಿಡಿದು ಕೇಳುವುದು ವಿಶ್ವಾಸದ ಕೆಲಸವೇ ಆಗಿದೆ.

ಕೊಕ್ಕಡದ ಪಾಠ

ನಮ್ಮ ಕಣ್ಣೆದುರೇ ಒಂದು ಕಹಿ ಉದಾಹರಣೆಯಿದೆ. ಗೇರು ತೋಟಗಳಲ್ಲಿ ಟೀ ಸೊಳ್ಳೆ ಎಂಬ ಕೀಟದ ನಿಯಂತ್ರಣಕ್ಕಾಗಿ 1980ರ ದಶಕದಿಂದ ಹಲವು ವರ್ಷ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಹಾಗೂ ನೆರೆಯ ಕಾಸರಗೋಡಿನ ಎಣ್ಮಕಜೆಯಂತಹ ಊರುಗಳ ಬಾವಿ, ತೋಡು, ಅಂಗಳಗಳ ಮೇಲೂ ಆ ವಿಷ ಬಿತ್ತು. ಬುದ್ಧಿ ಬೆಳವಣಿಗೆ ಕುಂಠಿತವಾದ, ಕೈಕಾಲು ಬಲಹೀನವಾದ, ಅಪಸ್ಮಾರದಿಂದ ಬಳಲುವ ಮಕ್ಕಳು ಮನೆ ಮನೆಯಲ್ಲಿ ಕಾಣಿಸಿಕೊಂಡರು. ಬಹಳ ಕಾಲ ಹೆತ್ತವರು ಇದನ್ನು ತಮ್ಮ ಹಣೆಬರಹವೆಂದೇ ತಿಳಿದು ಸುಮ್ಮನಿದ್ದರು.

ಪರಿಸ್ಥಿತಿ ಬದಲಾದದ್ದು ಸಂತ್ರಸ್ತರು ಒಟ್ಟಾಗಿ ಬೀದಿಗಿಳಿದಾಗ. ಊರಿನ ವೈದ್ಯರು ದಾಖಲೆ ಇಟ್ಟರು, ಪತ್ರಕರ್ತರು ಬರೆದರು, ಹೋರಾಟ ಸಮಿತಿಯವರು ನ್ಯಾಯಾಲಯದ ಬಾಗಿಲು ತಟ್ಟಿದರು. 2011ರಲ್ಲಿ ಕರ್ನಾಟಕ ಸರಕಾರ ಎಂಡೋಸಲ್ಫಾನ್ ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ತಡೆ ನೀಡಿತು. ಮಾಸಾಶನ ಬಂತು, ಕೊಕ್ಕಡ ಮತ್ತು ಕೊಯಿಲದಲ್ಲಿ ಪಾಲನಾ ಕೇಂದ್ರಗಳು ತೆರೆದವು. ಹೋದ ಆರೋಗ್ಯ ಹಿಂದೆ ಬರಲಿಲ್ಲ. ಆದರೆ ಕೇಳಿದ್ದರಿಂದಲೇ ಇಷ್ಟಾದರೂ ಸಿಕ್ಕಿತು ಎಂಬುದನ್ನು ನಾವು ಮರೆಯುವಂತಿಲ್ಲ.

ನಮಗೆ ಸಲ್ಲಬೇಕಾದುದು ಏನು?

ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 1989ರ ಒಡಂಬಡಿಕೆಯನ್ನು ಭಾರತ 1992ರಲ್ಲಿ ಅಂಗೀಕರಿಸಿದೆ. ಅದರ 24ನೇ ವಿಧಿ ಉತ್ತಮ ಆರೋಗ್ಯ ಸೇವೆಯನ್ನು ಮಗುವಿನ ಹಕ್ಕು ಎನ್ನುತ್ತದೆ. ಆದುದರಿಂದ ನಾವು ಕೇಳುವುದು ಯಾರ ಉಪಕಾರವನ್ನೂ ಅಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯಬೇಕು. ವೈದ್ಯರ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಬಾರಿ ಬರಬೇಕು. ಹುಟ್ಟು ದೋಷ, ಕಾಯಿಲೆ, ಪೌಷ್ಟಿಕಾಂಶದ ಕೊರತೆ, ಬೆಳವಣಿಗೆಯಲ್ಲಿ ಹಿಂದುಳಿಯುವಿಕೆ ಎಂಬ ನಾಲ್ಕು ಬಗೆಯ ತೊಂದರೆಗಳನ್ನು ಅವರು ಹುಡುಕುತ್ತಾರೆ. ಹೃದಯದ ರಂಧ್ರ, ಸೀಳು ತುಟಿ, ತಿರುಚಿದ ಪಾದ, ಶ್ರವಣ ದೋಷ ಎಲ್ಲವೂ ಈ ಪಟ್ಟಿಯಲ್ಲಿವೆ. ಪತ್ತೆಯಾದ ಮಗುವಿಗೆ ಮುಂದಿನ ಚಿಕಿತ್ಸೆ ಉಚಿತ.

ಬಿಪಿಎಲ್ ಕುಟುಂಬಗಳಿಗೆ 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಈ ಒಂದು ಕಾಗದದ ವಿಷಯ ತಿಳಿಯದೆ ಸಾಲ ಮಾಡಿದ ಮನೆಗಳು ನಮ್ಮಲ್ಲಿವೆ.

ತಡವಾದರೆ ಏನಾಗುತ್ತದೆ?

ಹುಟ್ಟಿನಿಂದಲೇ ಕಿವಿ ಕೇಳದ ಮಗುವಿಗೆ ಆರು ತಿಂಗಳೊಳಗೆ ನೆರವು ಆರಂಭವಾದರೆ ಮಾತು ಕಲಿಯುವ ಸಾಧ್ಯತೆ ಹೆಚ್ಚು. ಶಾಲೆಗೆ ಸೇರಿಸುವಾಗ ಗೊತ್ತಾದರೆ ಆ ಅಮೂಲ್ಯ ವರ್ಷಗಳು ಕಳೆದುಹೋಗಿರುತ್ತವೆ. ತಿರುಚಿದ ಪಾದಕ್ಕೆ ಹುಟ್ಟಿದ ಮೊದಲ ವಾರಗಳಲ್ಲೇ ಪ್ಲಾಸ್ಟರ್ ಹಾಕಲು ತೊಡಗಿದರೆ ಬಹುತೇಕ ಮಕ್ಕಳು ದೊಡ್ಡ ಶಸ್ತ್ರಚಿಕಿತ್ಸೆಯಿಲ್ಲದೆ ನಡೆಯುತ್ತಾರೆ. ಹಾಲು ಕುಡಿಯುವಾಗ ಪದೇಪದೇ ಸುಸ್ತಾಗಿ ಹಣೆ ಬೆವರುವ ಮಗುವಿನ ಹೃದಯವನ್ನು ಕೂಡಲೇ ಪರೀಕ್ಷಿಸಬೇಕು.

ಮಳೆಗಾಲದ ಕಾಯಿಲೆಗಳಲ್ಲಿ ಗಂಟೆಗಳ ಲೆಕ್ಕವೂ ಮುಖ್ಯ. ಮಗು ಅಳದೆ ಶಾಂತವಾಗಿರುವಾಗ ಒಂದು ನಿಮಿಷದ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗಿನ ಮಗುವಿಗೆ 50, ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನ್ಯುಮೋನಿಯಾ ಇರಬಹುದು; ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಭೇದಿಗೆ ಓಆರ್‌ಎಸ್ ದ್ರಾವಣದ ಜತೆಗೆ ವೈದ್ಯರ ಅಥವಾ ಆರೋಗ್ಯ ಕಾರ್ಯಕರ್ತೆಯ ಸಲಹೆಯಂತೆ 14 ದಿನ ಸತುವಿನ ಮಾತ್ರೆ ಕೊಡಬೇಕು. ಇವೆರಡೂ ಅಗ್ಗದ ಮದ್ದುಗಳು. ಪ್ರತಿಯೊಂದು ಆರೋಗ್ಯ ಕೇಂದ್ರದಲ್ಲಿ ಇವು ಸದಾ ಸಿಗುವಂತಿರಬೇಕು. ಉತ್ತಮ ಗುಣಮಟ್ಟ ಎಂದರೆ ಹೊಸ ಕಟ್ಟಡವೆಂದಷ್ಟೇ ತಿಳಿಯಬಾರದು. ಮಗುವನ್ನು ತೂಗಿ, ಉಸಿರೆಣಿಸಿ, ತಾಯಿಗೆ ಅರ್ಥವಾಗುವಂತೆ ವಿವರಿಸಿ, ಮತ್ತೆ ಯಾವಾಗ ಬರಬೇಕೆಂದು ತಿಳಿಸಿ ಕಳುಹಿಸುವುದೂ ಗುಣಮಟ್ಟವೇ.

ಯಾರನ್ನು ಕೇಳಬೇಕು?

ಗ್ರಾಮ ಮಟ್ಟದಲ್ಲಿ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಿದೆ. ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿಯಿದೆ. ಗ್ರಾಮಸಭೆಯ ಜತೆಗೆ ಮಕ್ಕಳ ಗ್ರಾಮಸಭೆಯೂ ನಡೆಯುತ್ತದೆ. ಮಕ್ಕಳ ತಜ್ಞರ ಹುದ್ದೆ ಖಾಲಿಯಿದ್ದರೆ, ತಪಾಸಣಾ ತಂಡ ಬಾರದಿದ್ದರೆ ಈ ಸಭೆಗಳಲ್ಲಿ ಪ್ರಸ್ತಾಪಿಸಿ ನಿರ್ಣಯ ಬರೆಸಬೇಕು. ನಂತರ ತಾಲೂಕು ಆರೋಗ್ಯಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. 30 ದಿನಗಳಲ್ಲಿ ಉತ್ತರ ಕೊಡಬೇಕು.

ಇಲ್ಲಿ ಒಂದು ಎಚ್ಚರಿಕೆ. ಆಶಾ ಕಾರ್ಯಕರ್ತೆಯ ಮೇಲೋ ನರ್ಸಿನ ಮೇಲೋ ರೇಗುವುದು ಧ್ವನಿ ಎತ್ತುವುದಲ್ಲ. ಇಬ್ಬರ ಕೆಲಸವನ್ನು ಒಬ್ಬರೇ ಮಾಡುತ್ತಿರುವ ಕಡೆ ಅವರೂ ನಮ್ಮಂತೆಯೇ ಬಳಲಿದವರು. ಅವರನ್ನು ಜತೆಗಿಟ್ಟುಕೊಂಡೇ ಮೇಲಿನವರನ್ನು ಕೇಳಬೇಕು.

ಧರ್ಮಕೇಂದ್ರ ಏನು ಮಾಡಬಹುದು?

ಮೊದಲನೆಯದಾಗಿ, ಪ್ರತಿಯೊಂದು ವಾಳೆಯ ಗುರಿಕಾರರು ತಮ್ಮ ವ್ಯಾಪ್ತಿಯಲ್ಲಿ ಚಿಕಿತ್ಸೆ ಬೇಕಾದ ಮಕ್ಕಳಿದ್ದಾರೆಯೇ ಎಂದು ಹೆತ್ತವರ ಒಪ್ಪಿಗೆಯೊಂದಿಗೆ ತಿಳಿದುಕೊಳ್ಳಲಿ. ಜಾತಿ ಧರ್ಮ ನೋಡದೆ ನೆರೆಮನೆಯ ಮಗುವನ್ನೂ, ಕೊರಗರ ಮತ್ತು ಮಲೆಕುಡಿಯರ ಕಾಲನಿಯ ಮಗುವನ್ನೂ ಸೇರಿಸಿಕೊಳ್ಳಲಿ. ಎರಡನೆಯದಾಗಿ, ಸ್ತ್ರೀ ಸಂಘಟನೆಯವರು ತಾಯಿ ಕಾರ್ಡಿನಲ್ಲಿ ಚುಚ್ಚುಮದ್ದು ಮತ್ತು ತೂಕ ದಾಖಲಾಗಿದೆಯೇ ಎಂದು ನೋಡಲು ಯುವ ತಾಯಂದಿರಿಗೆ ನೆರವಾಗಲಿ. ಮೂರನೆಯದಾಗಿ, ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು ಮಂಗಳೂರಿಗೆ ಎರಡನೇ ಸಲ ಹೋಗುವ ಖರ್ಚನ್ನು ವಹಿಸಿಕೊಳ್ಳಲಿ. ಚಿಕಿತ್ಸೆ ಉಚಿತವಾದರೂ ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿ ಕಳೆದುಕೊಳ್ಳುವ ಭಯದಿಂದ ಅನೇಕರು ಮೊದಲ ಭೇಟಿಗೇ ನಿಲ್ಲಿಸಿಬಿಡುತ್ತಾರೆ. ನಾಲ್ಕನೆಯದಾಗಿ, ಯುವಜನರು ಗ್ರಾಮಸಭೆಗೆ ತಪ್ಪದೆ ಹೋಗಲಿ.

ಮಗುವಿಗೆ ಜ್ಞಾನಸ್ನಾನ ಕೊಡುವಾಗ ಇಡೀ ಧರ್ಮಸಭೆ ಅದನ್ನು ತನ್ನದೆಂದು ಸ್ವಾಗತಿಸುತ್ತದೆ. ಆ ಮಾತು ಚರ್ಚಿನ ಬಾಗಿಲಿನಲ್ಲಿಯೇ ನಿಲ್ಲಬಾರದು. ಮುಂದಿನ ಪಾಲನಾ ಮಂಡಳಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಬೇಕೆಂದು ನಮ್ಮ ಧರ್ಮಗುರುಗಳಲ್ಲಿ ಮತ್ತು ಮುಖಂಡರಲ್ಲಿ ನಾವು ವಿನಂತಿಸುತ್ತೇವೆ. ಬರುವ ವರ್ಷದ ಮೊಂತಿ ಹಬ್ಬಕ್ಕೆ ಇನ್ನೂ ಕೆಲವು ಮಕ್ಕಳು ಹೂವಿನ ಬುಟ್ಟಿ ಹಿಡಿದು ಬರುವಂತಾದರೆ ಮಾತೆ ಮರಿಯಮ್ಮನವರಿಗೆ ಅದಕ್ಕಿಂತ ಒಳ್ಳೆಯ ಕಾಣಿಕೆ ಬೇರೆ ಇರಲಾರದು.