ದನದ ಹೊಟ್ಟೆಯಲ್ಲಿ ತಂತಿ: ಹೃದಯಕ್ಕೆ ಕುತ್ತು

ಮೇಕೆ ತುಟಿಯಿಂದ ಆಯ್ದು ತಿನ್ನುತ್ತದೆ. ದನ, ಎಮ್ಮೆಗಳಿಗೆ ಆ ಗುಣವಿಲ್ಲ. ಮೇವನ್ನು ನಾಲಗೆಯಿಂದ ಸುತ್ತಿ ಎಳೆದುಕೊಂಡು ಅರೆಬರೆ ಅಗಿದು ನುಂಗಿಬಿಡುತ್ತವೆ. ಹುಲ್ಲಿನೊಳಗೆ ಮೊಳೆ, ಸೂಜಿ, ತಂತಿಯ ಚೂರು ಇದ್ದರೆ ಅದೂ ಒಳಗೆ ಹೋಗುತ್ತದೆ.

ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದದ್ದು 1923ರಲ್ಲಿ. ಆದರೆ ದನದ ಹೊಟ್ಟೆ ಸೇರುವ ಕಬ್ಬಿಣ ಹೆಚ್ಚಾಗಿ ನಮ್ಮ ಅಂಗಳದ್ದೇ. ಮನೆ ಕಟ್ಟಿಸುವಾಗ ಕಂಬಿಗೆ ಬಿಗಿದು ಮಿಕ್ಕ ಸಣ್ಣ ತಂತಿ, ಬೇಲಿಯ ತುಂಡು, ಚಳಿ ಕಾಯಿಸಲು ಸುಟ್ಟ ಟೈರಿನ ಬೂದಿಯಲ್ಲಿ ಉಳಿದ ಉಕ್ಕಿನ ಎಳೆ. ಶಿವಮೊಗ್ಗ, ಭದ್ರಾವತಿಗಳ ಊರಂಚಿನಲ್ಲಿ ಗ್ಯಾರೇಜು, ವರ್ಕ್‌ಶಾಪುಗಳ ಹಿಂದೆ ಮೇಯುವ ದನಗಳಿಗೆ ಅಪಾಯ ಇನ್ನೂ ಹೆಚ್ಚು. ಉದ್ದನೆಯ ತಂತಿಯಾದರೆ ಕಣ್ಣಿಗೆ ಬೀಳುತ್ತದೆ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಚೂರಾದರೆ ಬೀಳುವುದಿಲ್ಲ.

ದನದ ನಾಲ್ಕು ಹೊಟ್ಟೆಗಳಲ್ಲಿ ಎರಡನೆಯದರ ಒಳಗೋಡೆ ಜೇನುತಟ್ಟಿಯಂತಿರುತ್ತದೆ. ಭಾರವಾದ ವಸ್ತು ಬಂದು ಸೇರುವುದು ಅಲ್ಲಿಗೆ. ಈ ಹೊಟ್ಟೆ ಸುಮಾರು ನಿಮಿಷಕ್ಕೊಮ್ಮೆ ಬಿಗಿಯಾಗಿ ಹಿಂಡಿಕೊಳ್ಳುತ್ತದೆ. ಹಿಂಡಿದಾಗಲೆಲ್ಲ ತಂತಿಯ ಮೊನೆ ಗೋಡೆಯನ್ನು ಚುಚ್ಚುತ್ತದೆ. ಅದರ ಮುಂದೆ ವಪೆ, ವಪೆಯ ಆಚೆ ಕೆಲವೇ ಸೆಂಟಿಮೀಟರ್ ದೂರದಲ್ಲಿ ಹೃದಯ. ತುಂಬು ಗಬ್ಬದಲ್ಲೂ ಹೆರಿಗೆಯ ಹೊತ್ತಿನಲ್ಲೂ ಗರ್ಭದ ಒತ್ತಡ ಸೇರುವುದರಿಂದ ಎಷ್ಟೋ ದಿನ ಸುಮ್ಮನಿದ್ದ ತಂತಿ ಆಗ ಮುಂದಕ್ಕೆ ನುಗ್ಗಬಹುದು.

ಮೊದಲು ಹಾಲು ಥಟ್ಟನೆ ಇಳಿಯುತ್ತದೆ. ಮೆಲುಕು ನಿಲ್ಲುತ್ತದೆ. ಹಸು ಬೆನ್ನು ಬಾಗಿಸಿ, ಮುಂಗಾಲಿನ ಮೊಣಕೈ ಹೊರಚಾಚಿ ನಿಲ್ಲುತ್ತದೆ. ಇಳಿಜಾರಿನಲ್ಲಿ ನಡೆಯಲು ಹಿಂಜರಿದು ನರಳುತ್ತದೆ. ಹೊಟ್ಟೆಯುಬ್ಬರ ಮತ್ತೆ ಮತ್ತೆ ಬರಬಹುದು. ಇದನ್ನೇ ಅಜೀರ್ಣವೆಂದು ತಿಳಿದು ಗೊಟ್ಟದಲ್ಲಿ ಎಣ್ಣೆ, ಕಷಾಯ ಹೊಯ್ಯುತ್ತಾ ವಾರ ಕಳೆಯುವವರು ಬಹಳ. ಕೈಮೀರುವುದು ಆ ವಾರದಲ್ಲಿಯೇ. ಗೊಟ್ಟದ ಔಷಧಿ ಶ್ವಾಸನಾಳಕ್ಕೆ ಇಳಿದರೆ ಅದು ಇನ್ನೊಂದು ಆಪತ್ತು. ಗಂಗೆದೊಗಲು ಊದಿ, ಕುತ್ತಿಗೆಯ ರಕ್ತನಾಳ ಹಗ್ಗದಂತೆ ಉಬ್ಬಿತೆಂದರೆ ಹೃದಯದ ಸುತ್ತ ಕೀವು, ನೀರು ತುಂಬಿದೆ ಎಂದರ್ಥ. ಆ ಹಂತದಲ್ಲಿ ಬದುಕುವ ದನ ಅಪರೂಪ.

ಮೊದಲ ಒಂದೆರಡು ದಿನಗಳಲ್ಲೇ ಪಶುವೈದ್ಯರನ್ನು ಕರೆಸಿದರೆ ದಾರಿಯುಂಟು. ಹಸುವಿನ ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ, ಅಲುಗಾಡದಂತೆ ಕಟ್ಟಿ, ಔಷಧಿ ಕೊಟ್ಟು ಅಯಸ್ಕಾಂತ ನುಂಗಿಸುತ್ತಾರೆ. ಅಗತ್ಯವಾದರೆ ಎಡಮಗ್ಗುಲು ಕೊಯ್ದು, ದೊಡ್ಡ ಹೊಟ್ಟೆಯ ಮೂಲಕ ಕೈ ಹಾಕಿ ತಂತಿಯನ್ನು ತೆಗೆಯುತ್ತಾರೆ. ಕೇಳಲು ಭಯವಾದರೂ ದನಗಳು ಈ ಶಸ್ತ್ರಚಿಕಿತ್ಸೆಯನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತವೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಊರಿನ ವೈದ್ಯರು ಹೋಗಿರೆಂದರೆ ತಡಮಾಡಬೇಡಿ.

ಬೆರಳುದ್ದದ, ನುಣುಪಾದ ಅಯಸ್ಕಾಂತವನ್ನು ಕಡಸಿಗೆ ಮೊದಲೇ ನುಂಗಿಸಿಡುವ ಪದ್ಧತಿಯೂ ಇದೆ. ಅದು ಜೀವಮಾನವಿಡೀ ಆ ಎರಡನೆಯ ಹೊಟ್ಟೆಯಲ್ಲೇ ಉಳಿದು, ಬಂದ ಚೂರುಗಳನ್ನು ತನಗೇ ಅಂಟಿಸಿಕೊಳ್ಳುತ್ತದೆ. ನುಂಗಿಸುವ ಕೆಲಸ ವೈದ್ಯರದು, ನೀವೇ ತುರುಕಲು ಹೋಗಬೇಡಿ. ನೀವು ಮಾಡಬಹುದಾದ್ದು, ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಮೇವಿನ ಯಂತ್ರದ ಬಾಯಿಯ ಬಳಿ, ಅಲಗಿಗೆ ತಾಗದಂತೆ ಭದ್ರವಾಗಿ ಕಟ್ಟಿ ಆಗಾಗ ಒರೆಸುವುದು. ತಾಮ್ರ, ಅಲ್ಯೂಮಿನಿಯಂ ತಂತಿಗಳು ಮಾತ್ರ ಅಯಸ್ಕಾಂತಕ್ಕೆ ಸಿಕ್ಕುವುದಿಲ್ಲ. ಅವನ್ನು ಕಣ್ಣಿಟ್ಟು ಕೈಯಿಂದಲೇ ಆಯಬೇಕು.